ವರ್ತಕರ ಸಭೆಯಲ್ಲಿ ಅರ್ಥಶಾಸ್ತ್ರಜ್ಞ

ಕೇಂದ್ರ ಸರ್ಕಾರದ ಆಯವ್ಯಯ ಪತ್ರ ಲೋಕಸಭೆಯಲ್ಲಿ ಮಂಡನೆಯಾಯಿತೆಂದರೆ ಅದರ ಮರುದಿನದಿಂದಲೇ ನಮ್ಮ ಊರೂರಿನ ವಾಣಿಜ್ಯ ಮಂಡಲಿಗಳಲ್ಲಿ ಒಂದು ಬಗೆಯ ಹಬ್ಬ ಮೊದಲಾಗುತ್ತದೆ. ಸಭಾಂಗಣ ತುಂಬುತ್ತದೆ. ವೇದಿಕೆಯ ಮೇಲೆ ಒಬ್ಬ ಲೆಕ್ಕ ಪರಿಶೋಧಕರು, ಒಬ್ಬ ತೆರಿಗೆ ವಕೀಲರು, ಅವರ ಪಕ್ಕದಲ್ಲಿ ಒಬ್ಬ ಅರ್ಥಶಾಸ್ತ್ರಜ್ಞ. ಮೊದಲಿನ ಇಬ್ಬರ ಕೆಲಸಕ್ಕೆ ಸ್ಪಷ್ಟವಾದ ಎಲ್ಲೆಯುಂಟು. ಯಾವ ಕಲಮು ಬದಲಾಯಿತು, ಯಾವ ದರ ಏರಿತು ಎಂದು ಹೇಳಿ ಅವರು ಕುಳಿತುಕೊಳ್ಳಬಹುದು. ಮೂರನೆಯವನಿಗೆ ಆ ಸೌಲಭ್ಯವಿಲ್ಲ. ಅವನು ಎದ್ದು ನಿಂತೊಡನೆ ಸಭೆಯ ಕಣ್ಣುಗಳಲ್ಲೆಲ್ಲ ಒಂದೇ ಪ್ರಶ್ನೆ ಕಾಣುತ್ತದೆ: ಮುಂದೇನಾಗುತ್ತದೆ?

ಕಾಲೇಜಿನಲ್ಲಿ ಈ ಶಾಸ್ತ್ರವನ್ನು ಬೋಧಿಸುತ್ತಿದ್ದ ಕಾಲದಲ್ಲಿಯೂ, ನಿವೃತ್ತನಾದ ಮೇಲೂ, ಆ ಮೂರನೆಯ ಕುರ್ಚಿಯಲ್ಲಿ ಹಲವು ಸಲ ಕುಳಿತವನು ನಾನು. ವರ್ತಕರು ಅರ್ಥಶಾಸ್ತ್ರಜ್ಞನಿಂದ ಏನನ್ನು ಅಪೇಕ್ಷಿಸಬಹುದು, ಅವನು ಅವರಿಗೆ ಏನನ್ನು ಕೊಡಲು ಬದ್ಧನಾಗಿದ್ದಾನೆ ಎಂಬುದು ಮೇಲುನೋಟಕ್ಕೆ ಸಣ್ಣ ವಿಷಯವೆಂದು ತೋರಬಹುದು. ಆದರೆ ಸಭಾಂಗಣದಲ್ಲಿ ಮೂಡಿದ ಅಭಿಪ್ರಾಯ ಮನವಿಪತ್ರವಾಗಿ ಸಚಿವಾಲಯವನ್ನು ಮುಟ್ಟುತ್ತದೆ. ಅಲ್ಲಿಂದ ಕಾನೂನಾಗಿ, ಸಭೆಗೆ ಎಂದೂ ಬಾರದ ಜನರ ಮನೆಗಳನ್ನು ಹೊಗುತ್ತದೆ. ಆದ್ದರಿಂದ ವಿಷಯ ಸಣ್ಣದಲ್ಲ.

ಈ ಪದ್ಧತಿ ನಮ್ಮಲ್ಲಿ ಹೊಸದೂ ಅಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ, ಮೈಸೂರು ವಾಣಿಜ್ಯ ಮಂಡಲಿ ಹುಟ್ಟಿತು. ವ್ಯಾಪಾರಿಯು ತನ್ನ ಅಂಗಡಿಯ ಲೆಕ್ಕದ ಜತೆಗೆ ದೇಶದ ಲೆಕ್ಕವನ್ನೂ ಅರಿತಿರಬೇಕೆಂಬ ಹಂಬಲ ಆ ಕಾಲದ ಮೈಸೂರಿನ ಆರ್ಥಿಕ ಸಮ್ಮೇಳನದಲ್ಲಿಯೂ ಕಾಣುತ್ತದೆ. ಸ್ವಾತಂತ್ರ್ಯಾನಂತರ, 1956ರಲ್ಲಿ, ಎ. ಡಿ. ಶ್ರಾಫ್ ಅವರು ಮುಂಬಯಿಯಲ್ಲಿ ‘ಫೋರಂ ಆಫ್ ಫ್ರೀ ಎಂಟರ್‌ಪ್ರೈಸ್’ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ಆಶ್ರಯದಲ್ಲಿ ನಾನಿ ಪಾಲ್ಖಿವಾಲಾ ಅವರು ವರ್ಷವರ್ಷವೂ ಮಾಡಿದ ಆಯವ್ಯಯ ಭಾಷಣ ಒಂದು ಹೋಟೆಲಿನ ಕೋಣೆಯಲ್ಲಿ ಮೊದಲಾಗಿ, ಕ್ರಮೇಣ ಬ್ರೇಬೋರ್ನ್ ಕ್ರೀಡಾಂಗಣವನ್ನೇ ತುಂಬಿಸಿತು. ಪಾಲ್ಖಿವಾಲಾ ವಕೀಲರು. ಕೈಯಲ್ಲಿ ಟಿಪ್ಪಣಿಯ ಚೀಟಿಯಿಲ್ಲದೆ ಅಂಕಿ ಅಂಶಗಳನ್ನು ಒಪ್ಪಿಸುತ್ತಿದ್ದ ಅವರ ಮಾತಿನ ಸೊಬಗನ್ನು ನಮ್ಮ ಶಾಸ್ತ್ರದವರು ಯಾರೂ ಗಳಿಸಲಿಲ್ಲವೆಂದು ಒಪ್ಪಬೇಕು. ಆದರೆ ವಕೀಲನ ವಾದಕ್ಕೆ ಒಬ್ಬ ಕಕ್ಷಿಗಾರನಿರುತ್ತಾನೆ. ಅರ್ಥಶಾಸ್ತ್ರಜ್ಞನ ಕಕ್ಷಿಗಾರ ಯಾರು? ನನ್ನ ಪ್ರಶ್ನೆಯ ತಿರುಳು ಅಲ್ಲಿದೆ.

ಮೊದಲು ಭವಿಷ್ಯದ ಮಾತನ್ನು ತೆಗೆದುಕೊಳ್ಳೋಣ. 1929ರ ಅಕ್ಟೋಬರ್ ತಿಂಗಳ ನಡುವೆ ನ್ಯೂಯಾರ್ಕಿನಲ್ಲಿ ಖರೀದಿ ಅಧಿಕಾರಿಗಳ ಸಂಘವೊಂದರ ಭೋಜನಕೂಟ ನಡೆಯಿತು. ಯೇಲ್ ವಿಶ್ವವಿದ್ಯಾನಿಲಯದ ಅರ್ವಿಂಗ್ ಫಿಶರ್ ಅಲ್ಲಿ ಭಾಷಣಕಾರರು. ಅಮೆರಿಕ ಕಂಡ ಮಹಾ ಅರ್ಥಶಾಸ್ತ್ರಜ್ಞರಲ್ಲಿ ಒಬ್ಬರು. ಷೇರುಗಳ ಬೆಲೆ ಇನ್ನು ಕೆಳಗಿಳಿಯದ ಎತ್ತರದ ಬಯಲನ್ನು ಮುಟ್ಟಿದೆ ಎಂಬ ಅರ್ಥದ ಮಾತನ್ನು ಅವರು ಆ ವ್ಯವಹಾರಸ್ಥರಿಗೆ ಹೇಳಿದರು. ಎರಡು ವಾರ ಕಳೆಯುವುದರೊಳಗೆ ಷೇರುಪೇಟೆ ಕುಸಿದು ಬಿತ್ತು. ಫಿಶರ್ ತಮ್ಮ ಸ್ವಂತ ಆಸ್ತಿಯನ್ನೂ ಕಳೆದುಕೊಂಡರು. ಆದರೆ ಅದೇ ಫಿಶರ್ 1933ರಲ್ಲಿ ಒಂದು ಲೇಖನ ಬರೆದರು. ಸಾಲದ ಹೊರೆ ಹೊತ್ತವರೆಲ್ಲ ಒಮ್ಮೆಗೇ ಆಸ್ತಿ ಮಾರಿ ಸಾಲ ತೀರಿಸಹೊರಟರೆ ಬೆಲೆಗಳು ಬೀಳುತ್ತವೆ; ಬೆಲೆಗಳು ಬಿದ್ದಂತೆ ಉಳಿದ ಸಾಲದ ನಿಜವಾದ ಭಾರ ಮತ್ತಷ್ಟು ಏರುತ್ತದೆ ಎಂಬುದು ಅದರ ಸಾರ. ಆ ವಿವರಣೆ ಇಂದಿಗೂ ಪಾಠವಾಗಿ ಉಳಿದಿದೆ. 2008ರ ಜಾಗತಿಕ ಹಣಕಾಸು ಬಿಕ್ಕಟ್ಟಿನ ಕಾಲದಲ್ಲಿ ಅದನ್ನು ಎಲ್ಲರೂ ಮತ್ತೆ ತೆರೆದು ಓದಿದರು. ಒಬ್ಬನೇ ಪಂಡಿತ, ಅವನ ಭವಿಷ್ಯವಾಣಿಗೆ ಹದಿನೈದು ದಿನದ ಆಯುಸ್ಸು, ಕಾರಣವಿವರಣೆಗೆ ತೊಂಬತ್ತು ವರ್ಷಕ್ಕೂ ಮೀರಿದ ಆಯುಸ್ಸು. ನಮ್ಮ ಶಾಸ್ತ್ರದ ಬಲವೆಲ್ಲಿದೆ, ದೌರ್ಬಲ್ಯವೆಲ್ಲಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ತಿಳಿಯದು.

ಹೀಗಾಗುವುದಕ್ಕೆ ಕಾರಣವಿದೆ. ಗ್ರಹಣವಾಗುತ್ತದೆಂದು ಪಂಚಾಂಗ ಬರೆದರೆ ಸೂರ್ಯಚಂದ್ರರು ಅದನ್ನು ಓದಿ ದಾರಿ ಬದಲಾಯಿಸುವುದಿಲ್ಲ. ಬೇಳೆಯ ಬೆಲೆ ಏರುತ್ತದೆಂದು ಅರ್ಥಶಾಸ್ತ್ರಜ್ಞ ನುಡಿದರೆ ಮಾತ್ರ ಕೇಳಿದ ವರ್ತಕ ಅಂದೇ ದಾಸ್ತಾನು ಮಾಡುತ್ತಾನೆ, ರೈತ ಬಿತ್ತನೆ ಹೆಚ್ಚಿಸುತ್ತಾನೆ, ಸರ್ಕಾರ ಆಮದಿಗೆ ಬಾಗಿಲು ತೆರೆಯುತ್ತದೆ. ನುಡಿದ ಮಾತು ನಡೆಯುವ ವಿದ್ಯಮಾನದೊಳಗೇ ಸೇರಿಹೋಗುತ್ತದೆ. ಆದ್ದರಿಂದ ‘ಹೀಗಾದರೆ ಹೀಗೆ’ ಎಂದು ಹೇಳಬಲ್ಲೆವೇ ಹೊರತು ‘ಹೀಗೇ’ ಎಂದು ಹೇಳಲಾರೆವು.

ಹಾಗಾದರೆ ಸಭೆಗೆ ಕೊಡಬಹುದಾದದ್ದೇನು? ಕೆಲವು ಕಾಲದ ಹಿಂದೆ ಒಂದು ಊರಿನ ಸಭೆಯಲ್ಲಿ ಜವಳಿ ವ್ಯಾಪಾರಿಯೊಬ್ಬರು ಎದ್ದು ಕೇಳಿದರು: “ಸ್ವಾಮಿ, ರಿಸರ್ವ್ ಬ್ಯಾಂಕು ಬಡ್ಡಿ ಇಳಿಸಿತೆಂದು ಪತ್ರಿಕೆಯಲ್ಲಿ ಬಂತು. ನನ್ನ ಸಾಲದ ಬಡ್ಡಿ ಇದ್ದಲ್ಲೇ ಇದೆಯಲ್ಲ, ಇದೇನು ನ್ಯಾಯ?” ಸಭೆ ನಕ್ಕಿತು, ಆದರೆ ಪ್ರಶ್ನೆ ಮರ್ಮಕ್ಕೆ ತಾಗುವಂಥದು. 2025ರ ಫೆಬ್ರವರಿಯಿಂದ ಜೂನ್‌ವರೆಗೆ ಮೂರು ಸಲ ಇಳಿಸಿ ರಿಸರ್ವ್ ಬ್ಯಾಂಕು ತನ್ನ ರೆಪೊ ದರವನ್ನು ಶೇಕಡ 6.5ರಿಂದ 5.5ಕ್ಕೆ ತಂದಿತ್ತು. ಅದು ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕು ಅಲ್ಪಾವಧಿಗೆ ಕೊಡುವ ಹಣದ ಬಡ್ಡಿ. ಅದು ವ್ಯಾಪಾರಿಯ ಸಾಲದ ಪುಸ್ತಕವನ್ನು ಮುಟ್ಟುವ ದಾರಿ ಎಲ್ಲರಿಗೂ ಒಂದೇ ಅಲ್ಲ. 2019ರ ಅಕ್ಟೋಬರ್ 1ರಿಂದ ಸಣ್ಣ ಉದ್ದಿಮೆಗಳಿಗೆ ಬ್ಯಾಂಕುಗಳು ಚರ ಬಡ್ಡಿಯ ಮೇಲೆ ಕೊಡುವ ಹೊಸ ಸಾಲಗಳನ್ನು ರೆಪೊ ದರದಂತಹ ಹೊರಗಿನ ಅಳತೆಗೋಲಿಗೆ ಕಟ್ಟಬೇಕೆಂದೂ, ಮೂರು ತಿಂಗಳಿಗೊಮ್ಮೆಯಾದರೂ ಬಡ್ಡಿಯನ್ನು ಪುನಃ ನಿಗದಿಮಾಡಬೇಕೆಂದೂ ನಿಯಮವಾಯಿತು. ಅದಕ್ಕೆ ಹಿಂದಿನ ಸಾಲಗಳು ಮತ್ತು ದೊಡ್ಡ ಉದ್ದಿಮೆಗಳ ಎಷ್ಟೋ ಸಾಲಗಳು ಬ್ಯಾಂಕು ತಾನು ಹಣ ಸಂಗ್ರಹಿಸಲು ಮಾಡುವ ವೆಚ್ಚಕ್ಕೆ ಕಟ್ಟಿಕೊಂಡಿವೆ. ಆ ವೆಚ್ಚ ಇಳಿಯಬೇಕಾದರೆ ಹಳೆಯ ಠೇವಣಿಗಳ ಅವಧಿ ಮುಗಿಯಬೇಕು. “ನಿಮ್ಮ ಸಾಲಪತ್ರವನ್ನು ತೆಗೆದು ನೋಡಿ, ಯಾವ ಅಳತೆಗೋಲೆಂದು ಬರೆದಿದೆಯೋ ಅದರಲ್ಲಿ ನಿಮ್ಮ ಉತ್ತರವಿದೆ” ಎಂದೆ. ಬಡ್ಡಿ ಮುಂದೆ ಇಳಿಯುವುದೋ ಏರುವುದೋ ನಾನು ಹೇಳಲಿಲ್ಲ. ಅವರೂ ಮತ್ತೆ ಕೇಳಲಿಲ್ಲ. ದಾರಿ ತಿಳಿದವನಿಗೆ ಜೋಯಿಸರ ಅಗತ್ಯ ಕಡಮೆ.

ಆದರೆ ಅಲ್ಲಿಗೇ ಮಾತು ಮುಗಿಸಿದ್ದರೆ ಅರ್ಧ ಸತ್ಯವಾಗುತ್ತಿತ್ತು. ಸಾಲದ ಬಡ್ಡಿ ಇಳಿಯಬೇಕಾದರೆ ಠೇವಣಿಯ ಬಡ್ಡಿಯೂ ಇಳಿಯಬೇಕು. ಸಾಲ ಮಾಡಿದವರು ಸಭಾಂಗಣದಲ್ಲಿದ್ದರು. ನಿವೃತ್ತಿಯ ಹಣವನ್ನು ಬ್ಯಾಂಕಿನಲ್ಲಿಟ್ಟು ತಿಂಗಳ ಬಡ್ಡಿಯಿಂದ ಔಷಧಿ ಕೊಳ್ಳುವ ಶಾಲಾ ಮಾಸ್ತರರು, ಗಂಡ ಬಿಟ್ಟುಹೋದ ಅಲ್ಪ ಹಣವನ್ನೇ ನೆಚ್ಚಿಕೊಂಡ ವಿಧವೆ ಅಲ್ಲಿರಲಿಲ್ಲ. ಅವರ ಲೆಕ್ಕವನ್ನೂ ಸಭೆಯ ಮುಂದೆ ಇಟ್ಟೆ. ನನಗೆ ಚಪ್ಪಾಳೆ ಬರಲಿಲ್ಲವೆಂಬುದನ್ನು ಹೇಳಬೇಕಾಗಿಲ್ಲ.

ಇನ್ನೊಂದು ಉದಾಹರಣೆ ನಮ್ಮ ಬೆಂಗಳೂರಿಗೆ ಇನ್ನೂ ಸಮೀಪದ್ದು. 2025ರ ಆಗಸ್ಟ್‌ನಲ್ಲಿ ಅಮೆರಿಕ ಸರ್ಕಾರ ಭಾರತದ ಬಹುಪಾಲು ಸರಕುಗಳ ಮೇಲೆ ಮೊದಲು ಶೇಕಡ 25, ಅದೇ ತಿಂಗಳ 27ರಿಂದ ಇನ್ನೂ ಶೇಕಡ 25, ಒಟ್ಟು ಶೇಕಡ 50ರ ಹೆಚ್ಚುವರಿ ಸುಂಕವನ್ನು ಹೇರಿತು. ಇಂತಹ ದರಗಳು ಮಾತುಕತೆಯಿಂದ ಏರಿ ಇಳಿಯತಕ್ಕವು. ದರದ ಚರಿತ್ರೆ ಇಲ್ಲಿ ಬೇಡ. ಭಾರ ಯಾರ ಹೆಗಲಿಗೆ ಬೀಳುತ್ತದೆಂಬುದೇ ಮುಖ್ಯ. ಸುಂಕವನ್ನು ಅಮೆರಿಕದ ಬಂದರಿನಲ್ಲಿ ಕಟ್ಟುವವನು ಅಲ್ಲಿಯ ಆಮದುದಾರ. ಹಾಗೆಂದು ಭಾರವೆಲ್ಲ ಅವನದೇ ಆಗುವುದಿಲ್ಲ. ಬೇರೆ ಕಡೆಗೆ ಸುಲಭವಾಗಿ ತಿರುಗಬಲ್ಲವನು ಭಾರದಿಂದ ತಪ್ಪಿಸಿಕೊಳ್ಳುತ್ತಾನೆ, ತಿರುಗಲಾರದವನು ಹೊರುತ್ತಾನೆ. ಅಂಗಿಯನ್ನು ಬಾಂಗ್ಲಾದೇಶದಿಂದಲೋ ವಿಯೆಟ್ನಾಮಿನಿಂದಲೋ ತರಿಸಿಕೊಳ್ಳಬಲ್ಲ ಆಮದುದಾರ ನಮ್ಮ ಕಾರ್ಖಾನೆಯಿಂದ ರಿಯಾಯಿತಿ ಕೇಳುತ್ತಾನೆ. ಕಾರ್ಖಾನೆಯ ಮಾಲೀಕ ತನ್ನ ಲಾಭದಿಂದ ಸ್ವಲ್ಪ ಬಿಡುತ್ತಾನೆ, ಉಳಿದದ್ದನ್ನು ಕೆಳಕ್ಕೆ ದಾಟಿಸುತ್ತಾನೆ. ದಾಟಿಸಲು ಕೆಳಗೆ ಯಾರೂ ಇಲ್ಲದವಳು ಹೊಲಿಗೆಯ ಯಂತ್ರದ ಮುಂದೆ ಕುಳಿತ ಹೆಣ್ಣುಮಗಳು. ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳ ಕೆಲಸಗಾರರಲ್ಲಿ ಬಹುಪಾಲು ಹೆಂಗಸರು. ಹೆಚ್ಚುವರಿ ಪಾಳಿ ನಿಂತರೆ, ಕೆಲಸದ ದಿನಗಳು ಕಡಿತವಾದರೆ, ಸುಂಕದ ಪಾಲು ಅವರ ಅಡುಗೆಮನೆಗೆ ಬಂತೆಂದೇ ಅರ್ಥ. ರಫ್ತುದಾರರು ಸರ್ಕಾರದ ನೆರವನ್ನು ಕೇಳುವುದು ಸಹಜ, ನ್ಯಾಯವೂ ಇರಬಹುದು. ಆ ನೆರವು ಮಾಲೀಕನ ಸಾಲದ ಖಾತೆಯಲ್ಲಿಯೇ ನಿಲ್ಲುವುದೋ ಕೆಲಸಗಾರಳ ಹಾಜರಿ ಪುಸ್ತಕದವರೆಗೆ ಇಳಿಯುವುದೋ ಎಂದು ಅವರ ಸಭೆಯಲ್ಲಿಯೇ ಕೇಳುವುದು ಅರ್ಥಶಾಸ್ತ್ರಜ್ಞನ ಕರ್ತವ್ಯ.

ಇದೇ ಸೂತ್ರ ತೆರಿಗೆ ಇಳಿದಾಗಲೂ ಅನ್ವಯಿಸುತ್ತದೆ. 2025ರ ಸೆಪ್ಟೆಂಬರ್ 22ರಂದು ಸೋಪು, ಹಲ್ಲುಜ್ಜುವ ಪೇಸ್ಟುಗಳ ಮೇಲಿನ ಜಿಎಸ್‌ಟಿ ಶೇಕಡ 18ರಿಂದ 5ಕ್ಕೆ ಇಳಿಯಿತು. ಪೈಪೋಟಿ ಬಲವಾಗಿರುವ ಕಡೆ ಇಳಿತ ಗಿರಾಕಿಯನ್ನು ಬೇಗ ಮುಟ್ಟುತ್ತದೆ. ಮಾರುವವರು ಕೆಲವರೇ ಇರುವ ಕಡೆ ಅದು ನಡುದಾರಿಯಲ್ಲಿ ತಂಗಲು ನೋಡುತ್ತದೆ. ಏರಿಕೆಯ ಭಾರವನ್ನು ಕುರಿತು ವಿಸ್ತಾರವಾಗಿ ಮಾತನಾಡುವ ನಾವು ಇಳಿಕೆಯ ಲಾಭವನ್ನು ಕುರಿತು ಮಿತಭಾಷಿಗಳಾಗುವುದು ತರವಲ್ಲ.

ಇಲ್ಲಿ ನನಗೆ ಪ್ರೊಫೆಸರ್ ಬಿ. ಆರ್. ಶೆಣೈ ಅವರ ನೆನಪಾಗುತ್ತದೆ. ಅಂದಿನ ದಕ್ಷಿಣ ಕನ್ನಡ ಸೀಮೆಯಲ್ಲಿ 1905ರಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಓದಿ, ಅಹಮದಾಬಾದಿನಲ್ಲಿ ಬೋಧಿಸಿದವರು. 1955ರಲ್ಲಿ ಎರಡನೆಯ ಪಂಚವಾರ್ಷಿಕ ಯೋಜನೆಯನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರ ಮಂಡಲಿಯಲ್ಲಿ ಉಳಿದವರೆಲ್ಲ ಒಮ್ಮತದಲ್ಲಿದ್ದಾಗ ಭಿನ್ನಮತದ ಟಿಪ್ಪಣಿ ಬರೆದವರು ಅವರೊಬ್ಬರೇ. ಜನರ ಉಳಿತಾಯ ತಾಳಲಾರದಷ್ಟು ವೆಚ್ಚವನ್ನು ಹೊಸ ನೋಟುಗಳಿಂದ ತುಂಬಿಸಹೊರಟರೆ ಬೆಲೆಗಳು ಏರುತ್ತವೆ, ವಿದೇಶೀ ವಿನಿಮಯ ಬರಿದಾಗುತ್ತದೆ ಎಂಬುದು ಅವರ ವಾದ. 1957ರಲ್ಲಿ ವಿದೇಶೀ ವಿನಿಮಯದ ಬಿಕ್ಕಟ್ಟು ಬಂತು. 1966ರ ಜೂನ್‌ನಲ್ಲಿ ರೂಪಾಯಿಯ ಬೆಲೆಯನ್ನು ಡಾಲರಿಗೆ 4.76ರಿಂದ 7.50ಕ್ಕೆ ಇಳಿಸಬೇಕಾಯಿತು. ಅವರ ಪರಿಹಾರಗಳನ್ನೆಲ್ಲ ಒಪ್ಪದವರು ಅಂದೂ ಇದ್ದರು, ಇಂದೂ ಇದ್ದಾರೆ. ನಾನೂ ಎಲ್ಲವನ್ನೂ ಒಪ್ಪಿದವನಲ್ಲ. ನನಗೆ ಹಿರಿದಾಗಿ ಕಾಣುವುದು ಬೇರೊಂದು ಗುಣ. ಸರ್ಕಾರದ ನಿಯಂತ್ರಣವನ್ನು ಟೀಕಿಸಿದಾಗ ಉದ್ಯಮಿಗಳು ಅವರನ್ನು ತಮ್ಮವರೆಂದು ಭಾವಿಸಿರಬೇಕು. ಆದರೆ ಆಮದು ಪರವಾನಗಿ ಹಿಡಿದವನಿಗೆ ಬರುವ ಲಾಭ ದುಡಿಮೆಯ ಫಲವಲ್ಲ, ಗಿರಾಕಿಯ ಜೇಬಿನಿಂದ ಬಂದದ್ದು ಎಂಬ ವಾದವನ್ನೂ ಅವರು ಅಷ್ಟೇ ಖಂಡಿತವಾಗಿ ಮಂಡಿಸಿದರು. ಸರ್ಕಾರಕ್ಕೆ ಬೇಡವಾದ ಮಾತನ್ನು ಸರ್ಕಾರಕ್ಕೂ, ಉದ್ಯಮಕ್ಕೆ ಬೇಡವಾದ ಮಾತನ್ನು ಉದ್ಯಮಕ್ಕೂ ಹೇಳಿದವರು.

ಇಂದು ಆ ಸ್ಥಿತಿ ಕಷ್ಟಕರವಾಗಿದೆ. ಸಭೆಗಳಲ್ಲಿಯೂ ದೂರದರ್ಶನದ ಪರದೆಯ ಮೇಲೂ ನಾವು ಕಾಣುವ ಅರ್ಥಶಾಸ್ತ್ರಜ್ಞರಲ್ಲಿ ಅನೇಕರು ಬ್ಯಾಂಕುಗಳ, ಷೇರು ದಲ್ಲಾಳಿ ಸಂಸ್ಥೆಗಳ ನೌಕರರು. ಅವರ ವಿದ್ಯೆ ಕಡಮೆಯಲ್ಲ; ಪ್ರಾಮಾಣಿಕತೆಯನ್ನು ಶಂಕಿಸಲು ನನಗೆ ಕಾರಣವೂ ಇಲ್ಲ. ಆದರೆ ಬಾಂಡುಗಳ ರಾಶಿಯನ್ನು ಇಟ್ಟುಕೊಂಡ ಸಂಸ್ಥೆಯ ನೌಕರ ಬಡ್ಡಿ ಇಳಿಯಬೇಕೆಂದು ನುಡಿದಾಗ, ಬಡ್ಡಿ ಇಳಿದರೆ ಆ ಬಾಂಡುಗಳ ಬೆಲೆ ಏರುತ್ತದೆಂಬುದು ಕೇಳುವವನಿಗೆ ತಿಳಿದಿರಬೇಕು. ತಕ್ಕಡಿಯ ಕೈ ಯಾರದೆಂದು ನೋಡದೆ ಸರಕು ಕೊಳ್ಳುವ ವರ್ತಕ ನಮ್ಮ ಯಾವ ಸಂತೆಯಲ್ಲಿಯೂ ಇಲ್ಲ. ಅಭಿಪ್ರಾಯವನ್ನು ಕೊಳ್ಳುವಾಗಲೂ ಆ ಎಚ್ಚರ ಬೇಕು.

ಆದ್ದರಿಂದ ವಾಣಿಜ್ಯ ಮಂಡಲಿಗಳ ಹಿರಿಯರಲ್ಲಿ ನನ್ನದೊಂದು ವಿಜ್ಞಾಪನೆ. ಅರ್ಥಶಾಸ್ತ್ರಜ್ಞನನ್ನು ಕರೆಯಿರಿ, ಆದರೆ ಅವನಿಂದ ತಾರೀಖನ್ನೂ ಅಂಕಿಯನ್ನೂ ಬೇಡಬೇಡಿ. ಕಾರಣವೇನೆಂದು ಕೇಳಿ, ಆ ಕಾರಣ ಯಾವ ದಾರಿಯಿಂದ ನಿಮ್ಮ ಅಂಗಡಿಗೆ ಬರುತ್ತದೆಂದು ಕೇಳಿ, ಅವನ ಮಾತು ಸುಳ್ಳಾಗಬೇಕಾದರೆ ಏನಾಗಬೇಕೆಂದು ಕೇಳಿ. ಕೊನೆಗೆ, ನೀವು ಬೇಡುವ ನೆರವಿನ ವೆಚ್ಚ ಯಾರ ಲೆಕ್ಕಕ್ಕೆ ಬೀಳುತ್ತದೆಂದು ಕೇಳಿ. ಈ ಕೊನೆಯ ಪ್ರಶ್ನೆಗೆ ಉತ್ತರ ಹೇಳಲು ಹಿಂಜರಿಯುವವನು ಶಾಲು ಹಾರಗಳಿಗೆ ಅರ್ಹನಾಗಿರಬಹುದು, ನಿಮ್ಮ ಅಮೂಲ್ಯವಾದ ಸಂಜೆಗೆ ಅಲ್ಲ. ಹೇಳಬಲ್ಲವನನ್ನು, ಅವನ ಮಾತು ಕಹಿಯಾಗಿದ್ದರೂ, ಮರುವರ್ಷವೂ ಕರೆಯಿರಿ.