ಕೊಡುಗೆಯ ಹೆಸರಿನಲ್ಲಿ ಕಸ

ಗಿಟ್‌ಹಬ್‌ನಲ್ಲಿ ಬೇರೆಯವರ ತಂತ್ರಾಂಶಕ್ಕೆ ತಿದ್ದುಪಡಿ ಕಳಿಸುವುದನ್ನು ಪುಲ್ ರಿಕ್ವೆಸ್ಟ್ ಎನ್ನುತ್ತಾರೆ. ಹೆಸರೇ ಹೇಳುವಂತೆ ಅದೊಂದು ಕೋರಿಕೆ: ನಾನು ಮಾಡಿದ್ದನ್ನು ನೋಡಿ, ಸರಿಯಿದ್ದರೆ ಸೇರಿಸಿಕೊಳ್ಳಿ. ಕೋರುವವರಿಗೆ ಅರ್ಧ ನಿಮಿಷ ಸಾಕು. ಆದರೆ ಆ ಕಡೆ ಇರುವವರು ಅದನ್ನು ಓದಬೇಕು, ಪರೀಕ್ಷಿಸಬೇಕು, ಉತ್ತರಿಸಬೇಕು. ಅವರಲ್ಲಿ ಎಷ್ಟೋ ಜನ ಸಂಬಳವಿಲ್ಲದೆ ರಾತ್ರಿ ಕೂತು ಈ ಕೆಲಸ ಮಾಡುವವರು. ಸ್ಪ್ಯಾಮ್ ಬೆಳೆಯುವುದು ಈ ಅಂತರದಲ್ಲೇ.

ಡಿಜಿಟಲ್‌ಓಷನ್ ಕಂಪನಿ 2014ರಿಂದ ಪ್ರತಿ ಅಕ್ಟೋಬರ್‌ನಲ್ಲಿ ಹ್ಯಾಕ್ಟೋಬರ್‌ಫೆಸ್ಟ್ ನಡೆಸುತ್ತಿದೆ. 2020ರಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ ಪೂರೈಸಿದ ಮೊದಲ 70,000 ಮಂದಿಗೆ ಟೀ ಶರ್ಟ್ ಅಥವಾ ಅವರ ಹೆಸರಲ್ಲಿ ಒಂದು ಗಿಡ ಎಂದು ಘೋಷಿಸಿತು. ತಿಂಗಳು ಹುಟ್ಟುತ್ತಿದ್ದಂತೆ ನೂರಾರು ಯೋಜನೆಗಳ ಮೇಲೆ ಕಸ ಸುರಿಯಿತು. ರೀಡ್‌ಮಿ ಕಡತದಲ್ಲಿ 'ಅದ್ಭುತ ಪ್ರಾಜೆಕ್ಟ್' ಎಂದು ಎರಡು ಪದ ಸೇರಿಸುವುದೂ ಕೊಡುಗೆಯಾಯಿತು. ನಮ್ಮ ದೇಶದ ಯೂಟ್ಯೂಬ್ ಚಾನೆಲ್ಲೊಂದು ಮಾದರಿಗೆಂದು ತೋರಿಸಿದ್ದನ್ನು ಎಷ್ಟೋ ಜನ ಹಾಗೇ ನಕಲು ಮಾಡಿದ್ದರು. 2024ರ ಆರಂಭದಲ್ಲಿ ಇದೇ ಕಥೆ ಮತ್ತೆ ನಡೆಯಿತು. ಗಿಟ್ ಕಲಿಸುವ ವಿಡಿಯೋ ನೋಡಿದ ವಿದ್ಯಾರ್ಥಿಗಳು ಎಕ್ಸ್‌ಪ್ರೆಸ್ ಎಂಬ ಹೆಸರಾಂತ ಯೋಜನೆಯ ರೀಡ್‌ಮಿಗೆ ತಮ್ಮ ಹೆಸರು ಸೇರಿಸಿ ಕಳಿಸತೊಡಗಿದರು.

ಎರಡು ಸಲವೂ 'ಇಂಡಿಯಾದವರೇ ಹೀಗೆ' ಎಂಬ ಬೈಗುಳ ಕೇಳಿಬಂತು. ನಮ್ಮಲ್ಲೂ ಹಲವರು ತಲೆ ತಗ್ಗಿಸಿ ಹೌದೆಂದರು. ನಾನು ಒಪ್ಪುವುದಿಲ್ಲ. ಕಸ ಹಾಕಿದ್ದು ತಪ್ಪೇ, ಅದರಲ್ಲಿ ವಾದವಿಲ್ಲ. ಆದರೆ ಎಣಿಕೆಗೆ ಬಹುಮಾನ ಇಟ್ಟವರು ಯಾರು? 2020ರ ಅಕ್ಟೋಬರ್ 3ರಂದು ಡಿಜಿಟಲ್‌ಓಷನ್ ನಿಯಮ ಬದಲಿಸಿ, ತಾವಾಗಿ ಒಪ್ಪಿಕೊಂಡ ಯೋಜನೆಗಳಿಗೆ ಕಳಿಸಿದ್ದು ಮಾತ್ರ ಲೆಕ್ಕಕ್ಕೆ ಎಂದಿತು. ಪ್ರವಾಹ ಇಳಿಯಿತು. ಮೂರು ದಿನದಲ್ಲಿ ಭಾರತೀಯರ ಸ್ವಭಾವವೇನೂ ಬದಲಾಗಿರಲಿಲ್ಲ, ಬದಲಾದದ್ದು ನಿಯಮ.

ಕರ್ಲ್ ಯೋಜನೆಯದು ಇನ್ನೂ ಕಹಿ ಪಾಠ. ಭದ್ರತಾ ದೋಷ ಹುಡುಕಿದವರಿಗೆ 2019ರಿಂದ ಹಣ ಕೊಡುತ್ತಿದ್ದ ಅದರ ಮುಖ್ಯಸ್ಥ ಡೇನಿಯಲ್ ಸ್ಟೆನ್‌ಬರ್ಗ್, ಎಐ ಬರೆದುಕೊಟ್ಟ ಸುಳ್ಳು ವರದಿಗಳ ಕಾಟಕ್ಕೆ ಬೇಸತ್ತು 2026ರ ಜನವರಿ ಕೊನೆಗೆ ಆ ಯೋಜನೆಯನ್ನೇ ನಿಲ್ಲಿಸಿದರು. ಅಲ್ಲಿ ನಿಜವಾದ ದೋಷ ಹುಡುಕುತ್ತಿದ್ದವರಿಗೂ ಬಹುಮಾನ ತಪ್ಪಿತು.

ಗಿಟ್‌ಹಬ್ ಕೊಡುವ ಮದ್ದೂ ಅದೇ ಬಗೆಯದು. ಹಿಂದೆ ಕೊಡುಗೆ ಕೊಟ್ಟವರಿಗಷ್ಟೇ ಪ್ರವೇಶ ಎಂದು 24 ಗಂಟೆಯಿಂದ ಆರು ತಿಂಗಳವರೆಗೆ ಬಾಗಿಲು ಹಾಕಬಹುದು. ಆಗ ಹೊರಗೆ ಉಳಿಯುವವರಲ್ಲಿ ರಾಯಚೂರಿನ ಕಾಲೇಜಿನಿಂದ ಮೊದಲ ನೈಜ ತಿದ್ದುಪಡಿ ಕಳಿಸುವ ಹುಡುಗಿಯೂ ಇರಬಹುದು.

ನನ್ನಂಥ ಅನುವಾದಕರಿಗೆ ಇದು ದೂರದ ಜಗಳವಲ್ಲ. ಕಡತ 'ಉಳಿಸಿ' ಎನ್ನಬೇಕಾದಲ್ಲಿ 'ರಕ್ಷಿಸಿ' ಎಂದು, 'ಮುಖಪುಟ' ಇರಬೇಕಾದಲ್ಲಿ 'ಮನೆ' ಎಂದು ಯಂತ್ರ ಉಗುಳಿದ್ದನ್ನು ಯಾರಾದರೂ ಅಂಟಿಸಿ ಕಳಿಸಿದರೆ, ಕನ್ನಡ ಓದಲು ಬಾರದ ನಿರ್ವಾಹಕರಿಗೆ ಗೊತ್ತಾಗುವ ದಾರಿಯೇ ಇಲ್ಲ. ಅವರಿಗಿರುವುದು ನಂಬಿಕೆಯೊಂದೇ. ಅದು ಒಮ್ಮೆ ಹೋದರೆ ಇಂಗ್ಲಿಷ್‌ಗೆ ಏನೂ ಆಗದು. ಮೊದಲು ಅನುಮಾನಕ್ಕೆ ಒಳಗಾಗುವುದು ಕಡಿಮೆ ಜನ ಕೆಲಸ ಮಾಡುವ ನಮ್ಮಂಥ ಭಾಷೆಗಳು.

ಹಾಗಾಗಿ ಬೈಯುವುದಾದರೆ ಮೇಲಿನಿಂದ ಬೈಯೋಣ. ಬಹುಮಾನ ಇಡುವ ಕಂಪನಿ, ಎಣಿಸುವ ಮೊದಲು ಆ ಯೋಜನೆಯವರ ಒಪ್ಪಿಗೆ ಕೇಳಲಿ. ಪಾಠ ಮಾಡುವವರು ತಮ್ಮದೇ ಅಭ್ಯಾಸದ ರೆಪೊಸಿಟರಿ ತೆರೆದುಕೊಡಲಿ, ಈಜು ಕಲಿಸಲು ಊರಿನ ಕುಡಿಯುವ ನೀರಿನ ಬಾವಿಯೇ ಬೇಕೆ? ಪುಣೆಯಲ್ಲೋ ಹೈದರಾಬಾದಿನಲ್ಲೋ ಸಂದರ್ಶನ ಮಾಡುವ ಕುರ್ಚಿಯಲ್ಲಿ ನೀವು ಕೂತಿದ್ದರೆ, ಗಿಟ್‌ಹಬ್ ಪುಟದ ಹಸಿರು ಚೌಕಗಳನ್ನು ಎಣಿಸಬೇಡಿ. ಒಂದೇ ಒಂದು ತಿದ್ದುಪಡಿ ತೆರೆದು, ಇದನ್ನು ಯಾಕೆ ಮಾಡಿದೆ, ಅವರು ಏನೆಂದರು ಎಂದು ಕೇಳಿ. ಎಣಿಕೆಗೆ ಬೆಲೆ ಇರುವವರೆಗೂ ಕಸಕ್ಕೂ ಬೆಲೆ ಇದ್ದೇ ಇರುತ್ತದೆ.