ಹೊಟ್ಟೆಯ ಹದಿನಾಲ್ಕು ಸೂಜಿ

ನಾಯಿ ಕಚ್ಚಿದರೆ ಆಸ್ಪತ್ರೆಗಿಂತ ಮೊದಲು ತಾಯಿತ ಹುಡುಕುವವರು ನಮ್ಮ ಕಡೂರು ಸೀಮೆಯಲ್ಲಿ ಇನ್ನೂ ಇದ್ದಾರೆ. ಸೂಜಿ ಹಾಕಿಸಿದರೆ ಕಾಲು ಬೀಳುತ್ತದೆಂಬ ಹಿರಿಯರ ಭಯ ಪೂರಾ ಸುಳ್ಳಲ್ಲ. ಕುರಿಯ ಮೆದುಳಿನಿಂದ ತಯಾರಾಗುತ್ತಿದ್ದ ಸೆಂಪಲ್ ಲಸಿಕೆಯಲ್ಲಿ ನರದ ಹೊದಿಕೆಯಾದ ಮಯಲಿನ್ ಇತ್ತು. ಅದರ ಮೇಲೆ ತಿರುಗಿಬಿದ್ದ ದೇಹ ಕೆಲವರಲ್ಲಿ ತನ್ನದೇ ಮೆದುಳು, ಬೆನ್ನುಹುರಿಗೂ ಪೆಟ್ಟು ಕೊಡುತ್ತಿತ್ತು. ಆ ಲಸಿಕೆ ನಿಲ್ಲಿಸಿ ಸ್ಟೆರಾಯ್ಡ್ ಕೊಡುತ್ತಿದ್ದರು. ಹಲವರು ಚೇತರಿಸಿಕೊಂಡರು, ಎಲ್ಲರೂ ಅಲ್ಲ.

ದೋಷ ವಿನ್ಯಾಸದ್ದು. ಹಣವಿದ್ದವನಿಗೆ ಕೋಶ-ಕೃಷಿ ಲಸಿಕೆ, ಬಡವನಿಗೆ ಕುರಿಯ ಮೆದುಳು! ಸಮಾನತೆಯ ಮಾತಾಡುವ ನಾವು ಆಗ ಕೇಳಬೇಕಿತ್ತು. ಅದು ನಿಂತದ್ದು 2004ರ ಕೊನೆಗೆ.

ಈಗಿನದು ತೋಳಿಗೆ ಹಾಕುವ ಲಸಿಕೆ; ಅದರಲ್ಲಿ ಮೆದುಳಿನ ಅಂಶವಿಲ್ಲ. ರೇಬೀಸ್ ಲಕ್ಷಣ ಕಂಡ ಮೇಲೆ ಮಾತ್ರ ಉಳಿಸುವ ಮದ್ದಿಲ್ಲ. ಮಠಗಳ ಶಿವಾನುಭವ ಗೋಷ್ಠಿಗಳಲ್ಲಿ ಇದನ್ನು ಹೇಳಲಿ: ಗಾಯವನ್ನು 15 ನಿಮಿಷ ಸೋಪು, ನೀರಿನಲ್ಲಿ ತೊಳೆಯಿರಿ, ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿರಿ.