ಯುವ ಅಂಗಳ: ಹಳೆಯ ಪಿಕಪ್ಪಿನ ಇಂಡಿಕೇಟರ್ ಮತ್ತು ಹಾರ್ನ್



ಮಂಜಲ್‌ಪುರದಲ್ಲಿ ಹುಟ್ಟಿ ಬೆಳೆದ ನಿಮ್ಮಲ್ಲಿ ಹಲವರಿಗೆ ‘ಎಡ, ಬಲ’ ಎನ್ನುವುದಕ್ಕಿಂತ ‘ಡಾಬಿ, ಜಮಣಿ’ ಎಂಬುದೇ ಬೇಗ ನಾಲಿಗೆಗೆ ಬರುತ್ತದೆ. ತಪ್ಪೇನಿಲ್ಲ. ಆದರೆ ರಸ್ತೆಯಲ್ಲಿ ಗಾಡಿ ತಿರುಗಿಸುವ ಮೊದಲು ಹಿಂದಿನವರಿಗೆ ತಿಳಿಸಲೇಬೇಕು. ಅಲ್ಲಿ ನಮ್ಮ ಮಾತು ಕೇಳಿಸದು. ಇಂಡಿಕೇಟರ್ ಮತ್ತು ಹಾರ್ನ್‌ಗಳೇ ನಮ್ಮ ಪರವಾಗಿ ಮಾತನಾಡಬೇಕು. ಅವು ಕೆಟ್ಟಾಗ ದೋಷ ಹುಡುಕುವ ಬಗೆಯನ್ನು ಈ ಸಲ ನೋಡೋಣ.

ಟಾಟಾ ಮೊಬೈಲ್ 206 ಎಂಬ ಪಿಕಪ್ 1988ರಲ್ಲಿ ಬಂತು. ತಯಾರಿಸಿದವರು ಆಗಿನ ಟೆಲ್ಕೋ, ಅಂದರೆ 2003ರಿಂದ ಟಾಟಾ ಮೋಟಾರ್ಸ್. ಅದರ ನಂತರ 207 ಬಂತು. ಅಂಥ ಹಳೆಯ ಗಾಡಿ ನಿಮ್ಮ ಮನೆಯ ಮುಂದೆಯೋ, ಮಕರ್‌ಪುರಾ ಜಿಐಡಿಸಿಯಲ್ಲಿರುವ ಬಂಧುಗಳ ವರ್ಕ್‌ಶಾಪಿನಲ್ಲೋ ಇದ್ದರೆ ಈ ಲೇಖನ ಕೈಯಲ್ಲಿರಲಿ. ಎಂಜಿನ್ ಗಟ್ಟಿಯಾಗಿದ್ದರೂ ವೈರಿಂಗಿಗೆ ವಯಸ್ಸಾಗಿರುತ್ತದೆ. 2024ರ ಆಗಸ್ಟ್‌ನಲ್ಲಿ ವಿಶ್ವಾಮಿತ್ರಿ ಉಕ್ಕಿ ವಡೋದರಕ್ಕೆ ನುಗ್ಗಿದಾಗ ಎಷ್ಟೋ ವಾಹನಗಳು ನೀರಿನಲ್ಲಿ ನಿಂತವು. ನೀರು ಇಳಿದು ಹೋಗುತ್ತದೆ, ಆದರೆ ವೈರಿನ ಜೋಡಣೆಗಳಲ್ಲಿ ಕಿಲುಬು ಉಳಿದುಬಿಡುತ್ತದೆ. ಅದರ ಫಲ ತಿಂಗಳುಗಳ ನಂತರ ಕಾಣುವುದೂ ಉಂಟು.

ಮೊದಲು ಒಂದು ತತ್ತ್ವ. ಕರೆಂಟು ಹೋಗುವ ದಾರಿ ಒಂದು ಸುತ್ತು. ಬ್ಯಾಟರಿಯ ಪ್ಲಸ್‌ನಿಂದ ಹೊರಟು ಫ್ಯೂಸ್, ಸ್ವಿಚ್, ಬಲ್ಬ್ ದಾಟಿ, ಗಾಡಿಯ ಕಬ್ಬಿಣದ ಮೈಯ ಮೂಲಕ ಬ್ಯಾಟರಿಯ ಮೈನಸ್‌ಗೆ ಮರಳಬೇಕು. ಹೋಗುವ ದಾರಿಯನ್ನು ಎಲ್ಲರೂ ನೋಡುತ್ತಾರೆ, ಮರಳುವ ದಾರಿಯನ್ನು ಮರೆಯುತ್ತಾರೆ. ಹಳೆಯ ಗಾಡಿಯಲ್ಲಿ ಹೆಚ್ಚಾಗಿ ಕೈಕೊಡುವುದು ಆ ಮರಳುವ ದಾರಿಯೇ. ಅದಕ್ಕೆ ಅರ್ತಿಂಗ್ ಎನ್ನುತ್ತಾರೆ.

ಬೇಕಾದ ಸಾಮಾನು ಕಡಿಮೆ: 12 ವೋಲ್ಟಿನ ಒಂದು ಸಣ್ಣ ಬಲ್ಬಿಗೆ ಎರಡು ವೈರು ಕಟ್ಟಿದ ಟೆಸ್ಟ್ ಲ್ಯಾಂಪ್, ಎಮರಿ ಪೇಪರ್, ಸ್ಕ್ರೂ ಡ್ರೈವರ್ ಮತ್ತು ಮೊಸಳೆ ಕ್ಲಿಪ್ಪು (ವಿಶ್ವಾಮಿತ್ರಿಯ ಮೊಸಳೆಯಲ್ಲ!). ಕ್ಲಿಪ್ಪನ್ನು ಬ್ಯಾಟರಿಯ ಮೈನಸ್‌ಗೆ ಸಿಕ್ಕಿಸಿ, ಇನ್ನೊಂದು ತುದಿಯಿಂದ ಮುಟ್ಟುತ್ತಾ ಹೋಗಿ. ಎಲ್ಲಿಯವರೆಗೆ ದೀಪ ಹೊತ್ತುತ್ತದೆಯೋ ಅಲ್ಲಿಯವರೆಗೆ ಕರೆಂಟು ಬಂದಿದೆ. ಹೊತ್ತದ ಜಾಗಕ್ಕೂ ಅದರ ಹಿಂದಿನ ಜಾಗಕ್ಕೂ ನಡುವೆ ದೋಷವಿದೆ. ವೈರಿನ ಬಣ್ಣವನ್ನು ನಂಬಬೇಡಿ. ಇಷ್ಟು ವರ್ಷಗಳಲ್ಲಿ ಹತ್ತು ಕೈಗಳು ಅದನ್ನು ಬದಲಿಸಿರುತ್ತವೆ.

ಈಗ ಇಂಡಿಕೇಟರ್. ಎರಡೂ ಬದಿ ಸತ್ತಿದ್ದರೆ ಮೊದಲು ಫ್ಯೂಸ್, ಆಮೇಲೆ ಫ್ಲ್ಯಾಷರ್ ನೋಡಿ. ಒಂದೇ ಬದಿ ಕೆಟ್ಟಿದ್ದರೆ ಫ್ಲ್ಯಾಷರ್ ಬಹುತೇಕ ಸರಿಯಿದೆ. ಆ ಬದಿಯ ಬಲ್ಬ್, ಹೋಲ್ಡರ್, ಅರ್ತಿಂಗ್ ಮತ್ತು ಸ್ವಿಚ್ ನೋಡಿ. ಹಳೆಯ ಫ್ಲ್ಯಾಷರ್ ಕೆಲಸ ಮಾಡುವುದು ಶಾಖದಿಂದ. ಕರೆಂಟು ಹರಿದಾಗ ಒಳಗಿನ ಲೋಹ ಕಾದು ಸಂಪರ್ಕ ಬದಲಾಗುತ್ತದೆ, ಆರಿದಾಗ ಮೊದಲಿನಂತಾಗುತ್ತದೆ, ಅದೇ ಮಿಟುಕು. ಮುಂದೆ ಹಿಂದೆ 21 ವ್ಯಾಟಿನ ಎರಡು ಬಲ್ಬ್ ಸೇರಿದರೆ ಸುಮಾರು ಮೂರೂವರೆ ಆಂಪಿಯರ್ ಹರಿಯಬೇಕು. ಒಂದು ಬಲ್ಬ್ ಹೋದರೂ, ಕಡಿಮೆ ಕರೆಂಟಿನ ಎಲ್‌ಇಡಿ ಹಾಕಿದರೂ ಸಾಕಷ್ಟು ಶಾಖ ಬರದೆ ಮಿಟುಕು ನಿಂತುಹೋಗಬಹುದು. ಎಲೆಕ್ಟ್ರಾನಿಕ್ ಫ್ಲ್ಯಾಷರ್ ಇದ್ದರೆ ಸಾಮಾನ್ಯವಾಗಿ ಅದು ಅವಸರದಲ್ಲಿ ಮಿಟುಕತೊಡಗುತ್ತದೆ.

ಇಂಡಿಕೇಟರ್ ಹಾಕಿದಾಗ ಹಿಂದಿನ ಕೆಂಪು ದೀಪವೂ ಜೊತೆಗೆ ಮಿಣಮಿಣ ಎಂದರೆ ಅದು ಅರ್ತಿಂಗ್ ದೋಷದ ಗುರುತು. ಮರಳುವ ದಾರಿ ಮುಚ್ಚಿದ್ದರಿಂದ ಕರೆಂಟು ಪಕ್ಕದ ದೀಪದೊಳಗೆ ನುಸುಳುತ್ತಿರುತ್ತದೆ. ದೀಪದ ಅರ್ತಿಂಗ್ ಜಾಗದಿಂದ ಬ್ಯಾಟರಿಯ ಮೈನಸ್‌ಗೆ ಒಂದು ವೈರು ಹಿಡಿದು ನೋಡಿ. ಸರಿಹೋದರೆ ಹೊಸ ಸಾಮಾನು ಕೊಳ್ಳುವುದೇ ಬೇಡ. ಅರ್ತಿಂಗ್ ಸ್ಕ್ರೂ ಬಿಚ್ಚಿ, ತುಕ್ಕು ಮತ್ತು ಪೇಂಟ್ ಉಜ್ಜಿ, ಬಿಗಿದರೆ ಸಾಕು.

ಇನ್ನು ಹಾರ್ನ್. ಬ್ಯಾಟರಿಯಿಂದ ಎರಡು ವೈರು ತಂದು ನೇರವಾಗಿ ಕೊಡಿ. ಕೂಗಿದರೆ ಹಾರ್ನ್ ಸರಿಯಿದೆ. ಅನೇಕ ಹಳೆಯ ಗಾಡಿಗಳಲ್ಲಿ ಸ್ಟೀರಿಂಗಿನ ಗುಂಡಿ ಕರೆಂಟನ್ನು ಕಳಿಸುವುದಿಲ್ಲ. ಅರ್ತಿಂಗ್ ಜೋಡಿಸುತ್ತದೆ ಅಷ್ಟೇ. ರಿಲೇ ಇದ್ದರೆ, ಗುಂಡಿ ಒತ್ತಿದಾಗ ಅದು ‘ಟಕ್’ ಎನ್ನಬೇಕು. ಟಕ್ ಎಂದೂ ಹಾರ್ನ್ ಕೂಗದಿದ್ದರೆ ರಿಲೇಯಿಂದ ಹಾರ್ನ್‌ವರೆಗೆ ಹುಡುಕಿ. ಟಕ್ ಎನ್ನದಿದ್ದರೆ ಫ್ಯೂಸ್, ರಿಲೇ ಮತ್ತು ಗುಂಡಿಯನ್ನು ನೋಡಿ. ಸ್ಟೀರಿಂಗ್ ಒಂದು ಕಡೆ ತಿರುಗಿಸಿದಾಗ ಕೂಗಿ ಇನ್ನೊಂದು ಕಡೆ ಕೂಗದಿದ್ದರೆ, ಸ್ಟೀರಿಂಗಿನ ಕೆಳಗಿರುವ ಬಳೆಯಂಥ ಲೋಹದ ತುಂಡೂ ಅದಕ್ಕೆ ತಾಗುವ ಸಂಪರ್ಕವೂ ಸವೆದಿರಬಹುದು. ತಾನಾಗಿಯೇ ಕೂಗುತ್ತಿದ್ದರೆ ಗುಂಡಿಯ ವೈರು ಸಿಪ್ಪೆ ಬಿಟ್ಟು ಕಬ್ಬಿಣಕ್ಕೆ ತಾಗಿರಬಹುದು. ಮೊದಲು ಫ್ಯೂಸ್ ತೆಗೆದು ನೆರೆಹೊರೆಯವರ ಶಾಪದಿಂದ ಪಾರಾಗಿ, ಆಮೇಲೆ ಹುಡುಕಿ!

ಮೂರು ಎಚ್ಚರಿಕೆಗಳು. ವೈರು ಬಿಚ್ಚುವ ಕೆಲಸವಿದ್ದರೆ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ, ಕೊನೆಗೆ ಅದನ್ನೇ ಹಾಕಿ. ಸುಟ್ಟ ಫ್ಯೂಸಿನ ಜಾಗಕ್ಕೆ ದಪ್ಪ ತಂತಿ, ಸಿಗರೇಟಿನ ಬೆಳ್ಳಿ ಕಾಗದ ಎಂದಿಗೂ ಬೇಡ. ಮುಂದಿನ ಸಲ ಸುಡುವುದು ಫ್ಯೂಸಲ್ಲ, ಗಾಡಿ. ಏರ್‌ಬ್ಯಾಗ್ ಇರುವ ಹೊಸ ಕಾರಿನ ಸ್ಟೀರಿಂಗನ್ನು ಮನೆಯಲ್ಲಿ ಬಿಚ್ಚಲೇಬೇಡಿ.

ಇಷ್ಟೆಲ್ಲ ಏಕೆ, ಕೈ ತೋರಿಸಿದರೆ ಸಾಲದೇ ಎನ್ನಬಹುದು. ಕಬ್ಬಿಣದ ಸಲಾಕೆ ತುಂಬಿದ ಪಿಕಪ್ ಮುಸ್ಸಂಜೆಯಲ್ಲಿ ಕಾರ್ಖಾನೆಯ ಗೇಟಿಗೆ ಎಡಕ್ಕೆ ಹೊರಳುತ್ತದೆ. ಅದೇ ಹೊತ್ತಿಗೆ ಎಡಗಡೆಯಿಂದ ಒಂದು ಸ್ಕೂಟರ್ ನುಗ್ಗುತ್ತದೆ. ಬಲಗಡೆ ಕೂತ ಚಾಲಕನ ಕೈ ಆ ಸ್ಕೂಟರಿನವರಿಗೆ ಕಾಣುವುದಿಲ್ಲ. ಕಾಣುವುದು ಹಿಂದಿನ ಎಡ ಮೂಲೆಯ ಆ 21 ವ್ಯಾಟಿನ ದೀಪ ಮಾತ್ರ. ಅದು ಹೊತ್ತದಿದ್ದರೆ ಹೋಗುವುದು ಒಂದು ಜೀವ.

ಕೆಲಸ ಮುಗಿದ ಮೇಲೆ ಅಪ್ಪನನ್ನೋ ಅಮ್ಮನನ್ನೋ ಒಳಗೆ ಕೂರಿಸಿ, ನೀವು ಗಾಡಿಯ ಹಿಂದೆ ನಿಂತು ನೋಡಿ. ನಿಮಿಷಕ್ಕೆ 60ರಿಂದ 120 ಸಲ ಮಿಟುಕಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುವುದೂ ಅದನ್ನೇ. ಗಡಿಯಾರ ಹಿಡಿದು ಎಣಿಸಿ. ಎಣಿಸುವಾಗ ‘ಎಡ ಸರಿಯಿದೆ, ಬಲ ಸರಿಯಿದೆ’ ಎಂದು ಕನ್ನಡದಲ್ಲೇ ಕೂಗಿ ಹೇಳಿ. ಗಾಡಿಯ ಜೊತೆಗೆ ಆ ಎರಡು ಪದಗಳೂ ರಿಪೇರಿಯಾದ ಹಾಗಾಗುತ್ತದೆ!